ರಾಥ್ ಐಆರ್‌ಎಗೆ ಹೆಚ್ಚಾಗಿ ಹೋದ ಹಣ: ತಿರುಗಿಸುವುದೋ, ತೆಗೆಯುವುದೋ, ಬಿಡುವುದೋ?

ಡಿಸೆಂಬರ್‌ನಲ್ಲಿ ಬೋನಸ್ ಬಂದಾಗ ಮನೆಯವರೆಲ್ಲ ಹಿಗ್ಗಿದ್ದೆವು. ಮಾರ್ಚ್‌ನಲ್ಲಿ ತೆರಿಗೆ ಲೆಕ್ಕಕ್ಕೆ ಕುಳಿತಾಗ ಅದೇ ಬೋನಸ್ ಕಾಲಿಗೆ ಚುಚ್ಚಿತು. ಜನವರಿಯಲ್ಲೇ ಶಿಸ್ತಾಗಿ ರಾಥ್ ಐಆರ್‌ಎಗೆ, ಅಂದರೆ ತೆರಿಗೆ ಕಟ್ಟಿದ ಹಣ ಹಾಕಿ ನಿವೃತ್ತಿಯಲ್ಲಿ ತೆರಿಗೆಯಿಲ್ಲದೆ ತೆಗೆಯುವ ಅಮೆರಿಕದ ಉಳಿತಾಯ ಖಾತೆಗೆ, ಹಾಕಿದ್ದ 7,000 ಡಾಲರ್, ವರ್ಷದ ಕೊನೆಗೆ ಆದಾಯ ಮಿತಿ ದಾಟಿದ್ದರಿಂದ, ಹಾಕಲೇಬಾರದಾಗಿದ್ದ ಹಣವಾಗಿ ನಿಂತಿತ್ತು. ಅಮೆರಿಕದ ಕನ್ನಡಿಗರ ಮನೆಗಳಲ್ಲಿ, ಅದರಲ್ಲೂ ಸಂಬಳದ ಜೊತೆಗೆ ಕಂಪನಿಯ ಷೇರು ಸಿಗುವವರ ಮನೆಗಳಲ್ಲಿ, ಇದು ಹೊಸ ಕಥೆಯೇನಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವರಲ್ಲ ಇವರು, ಬೇಗ ಉಳಿಸಿ ಸಿಕ್ಕಿಬಿದ್ದವರು.

ನಾನು ತೆರಿಗೆ ಲೆಕ್ಕಿಗನಲ್ಲ. ಈ ಗುಂಡಿಗೆ ಎರಡು ಸಲ ಬಿದ್ದು ಎದ್ದವನು. ಮೊದಲ ಸಲ ಹಣವನ್ನು ಸರಿಯಾಗಿ ಸಾಗಿಸಿದೆ, ಕಾಗದವನ್ನು ಮರೆತೆ. ಮೂರು ವರ್ಷದ ಮೇಲೆ ಅದೇ ಹಣಕ್ಕೆ ಎರಡನೆಯ ಬಾರಿ ತೆರಿಗೆ ಕಟ್ಟುವ ಸ್ಥಿತಿ ಬಂದಾಗ ಒಂದು ವಿಷಯ ತಲೆಗೆ ಹೋಯಿತು: ಹಣ ಒಂದು ದಿನದಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಅದರ ಕಾಗದ ಮಾತ್ರ ಎರಡು ವರ್ಷಗಳ ರಿಟರ್ನ್‌ಗಳಲ್ಲಿ ಓಡಾಡುತ್ತದೆ. ಆದ್ದರಿಂದ ಕೆಳಗಿನ ಹೋಲಿಕೆಯಲ್ಲಿ ಯಾವ ದಾರಿ ಅಗ್ಗ ಎಂಬುದಷ್ಟೇ ಅಲ್ಲದೆ, ಆ ದಾರಿಯಲ್ಲಿ ಯಾವ ವರ್ಷದ ರಿಟರ್ನ್‌ನಲ್ಲಿ ಏನು ಬರೆಯಬೇಕು ಎಂಬುದನ್ನೂ ಹೇಳುತ್ತೇನೆ. ಲೆಕ್ಕವೆಲ್ಲ 2025ರ ತೆರಿಗೆ ವರ್ಷದ್ದು, ಅಂದರೆ 2026ರಲ್ಲಿ ಸಲ್ಲಿಸುವ ರಿಟರ್ನ್‌ನದು.

ಮೊದಲು, ನಿಜವಾಗಿಯೂ ಹೆಚ್ಚಾಗಿದೆಯೇ?

2025ಕ್ಕೆ ಐಆರ್‌ಎಗೆ ಹಾಕಬಹುದಾದ ಗರಿಷ್ಠ ಮೊತ್ತ 7,000 ಡಾಲರ್, ಐವತ್ತು ದಾಟಿದವರಿಗೆ 8,000. ಟ್ರೆಡಿಷನಲ್ (ತೆರಿಗೆಯನ್ನು ಹಣ ತೆಗೆಯುವಾಗ ಕಟ್ಟುವ ಬಗೆ) ಮತ್ತು ರಾಥ್ ಎರಡೂ ಸೇರಿ ಇಷ್ಟು. ಟ್ರೆಡಿಷನಲ್‌ಗೆ ಹಾಕಲು ಆದಾಯದ ಮಿತಿಯಿಲ್ಲ, ತೆರಿಗೆ ವಿನಾಯಿತಿ ಪಡೆಯಲು ಮಾತ್ರ ಮಿತಿಯಿದೆ. ರಾಥ್‌ಗಾದರೆ ಹಾಕುವುದಕ್ಕೇ ಮಿತಿ. ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 2,36,000 ಡಾಲರ್‌ನಿಂದ ಅವಕಾಶ ಕರಗಲು ಶುರುವಾಗಿ 2,46,000ಕ್ಕೆ ಪೂರ್ತಿ ಮುಗಿಯುತ್ತದೆ. ಒಂಟಿಯಾಗಿರುವವರಿಗೆ 1,50,000ದಿಂದ 1,65,000. ಒಂದೇ ಮನೆಯಲ್ಲಿದ್ದು ಗಂಡ ಹೆಂಡತಿ ಪ್ರತ್ಯೇಕವಾಗಿ ಸಲ್ಲಿಸಿದರೆ ಹತ್ತು ಸಾವಿರ ಡಾಲರ್‌ಗೇ ಬಾಗಿಲು ಮುಚ್ಚುತ್ತದೆ. ವರ್ಷವಿಡೀ ಬೇರೆ ಬೇರೆ ವಾಸವಿದ್ದರೆ, ಉದಾಹರಣೆಗೆ ಹೆಂಡತಿ ಇನ್ನೂ ಮೈಸೂರಿನಲ್ಲೇ ಇದ್ದರೆ, ಒಂಟಿಯವರ ಮಿತಿಯೇ ಅನ್ವಯಿಸುತ್ತದೆ. ಹೊಸದಾಗಿ ಬಂದವರು ಎಡವುವ ಜಾಗಗಳಲ್ಲಿ ಇದೂ ಒಂದು.

ಇಲ್ಲಿ ಆದಾಯ ಎಂದರೆ ಎಂಎಜಿಐ ಎಂದು ಕರೆಯುವ, ಒಟ್ಟು ಆದಾಯಕ್ಕೆ ಕೆಲವು ಹೊಂದಾಣಿಕೆ ಮಾಡಿ ಬರುವ ಮೊತ್ತ. ನಮ್ಮ ಗೆಳೆಯರ ಬಳಗದಲ್ಲಿ ಎಲ್ಲರೂ ಅದನ್ನು ಮ್ಯಾಗಿ ಎನ್ನುತ್ತಾರೆ, ಅಂತೂ ಎರಡು ನಿಮಿಷದಲ್ಲಿ ಬೇಯುವಂಥದ್ದಲ್ಲ. ಸಂಬಳ, ಷೇರು, ಇಲ್ಲಿನ ಬಡ್ಡಿ ಇವೆಲ್ಲ ನೆನಪಿರುತ್ತವೆ. ಮರೆಯುವುದು ಊರಿನದು. ಬೆಂಗಳೂರಿನ ಬ್ಯಾಂಕಿನಲ್ಲಿ ಅನಿವಾಸಿಗಳು ಇಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ ನಿಜ, ಅಮೆರಿಕದ ಲೆಕ್ಕದಲ್ಲಿ ಅದು ಪೂರ್ತಿ ಆದಾಯ. ಜಯನಗರದ ಮನೆಯ ಬಾಡಿಗೆ ಕೂಡ, ಖರ್ಚು ಕಳೆದ ಮೇಲೆ, ಬಂದು ಸೇರುತ್ತದೆ. ಮಿತಿಯಿಂದ ಸ್ವಲ್ಪ ಕೆಳಗಿದ್ದೇನೆ ಎಂದು ನೆಮ್ಮದಿಯಾಗಿದ್ದವರನ್ನು ಮಿತಿಯ ಮೇಲಕ್ಕೆ ತಳ್ಳುವುದು ಹೆಚ್ಚಾಗಿ ಈ ಎರಡೇ.

ಮಿತಿಯ ನಡುವಿನ ಪಟ್ಟಿಯಲ್ಲಿ ಸಿಕ್ಕವರಿಗೆ ಪೂರ್ತಿ ಹಣ ಹೆಚ್ಚಾಗುವುದಿಲ್ಲ. ಜಂಟಿ ಆದಾಯ 2,40,000 ಇದ್ದರೆ 2,46,000ಕ್ಕೆ ಉಳಿದಿರುವ ದೂರ ಆರು ಸಾವಿರ. ಹತ್ತರಲ್ಲಿ ಆರು ಪಾಲು, ಅಂದರೆ 4,200 ಡಾಲರ್ ಸರಿ, 2,800 ಹೆಚ್ಚು. ಇಂಥವರು ಮುಂದಿನ ಮೂರು ದಾರಿಗಳನ್ನು ನೋಡುವ ಮೊದಲು ತಮ್ಮ ಎಚ್‌ಎಸ್‌ಎ (ಆರೋಗ್ಯ ಖರ್ಚಿನ ಉಳಿತಾಯ) ಖಾತೆಯನ್ನು ನೋಡಲಿ. ಅರ್ಹ ಆರೋಗ್ಯ ವಿಮೆ ಇದ್ದು, 2025ರ ಕುಟುಂಬ ಮಿತಿಯಾದ 8,550 ಡಾಲರ್‌ನಲ್ಲಿ ಇನ್ನೂ ಜಾಗವಿದ್ದರೆ, 2026ರ ಏಪ್ರಿಲ್ 15ರ ತನಕ 2025ರ ಹೆಸರಿನಲ್ಲಿ ಹಾಕಬಹುದು. ಅಷ್ಟು ಆದಾಯ ಇಳಿಯುತ್ತದೆ. ನಾಲ್ಕು ಸಾವಿರದ ಜಾಗ ಸಿಕ್ಕರೆ 2,40,000 ಇದ್ದದ್ದು 2,36,000ಕ್ಕೆ ಬಂದು ಸಮಸ್ಯೆಯೇ ಮಾಯ. ವರ್ಷ ಮುಗಿದ ಮೇಲೂ ಆದಾಯ ಇಳಿಸಲು ಉಳಿದಿರುವ ಕೆಲವೇ ಕಿಟಕಿಗಳಲ್ಲಿ ಇದೊಂದು.

ನಾನು ಹಿಡಿಯುವ ಉದಾಹರಣೆ ಮಾತ್ರ ಅಷ್ಟು ಸುಲಭದ್ದಲ್ಲ. ಜಂಟಿ ಆದಾಯ 2,52,000 ಡಾಲರ್. ರಾಥ್ ಖಾತೆಯಲ್ಲಿ ಮೊದಲೇ 14,000 ಇತ್ತು. 2025ರ ಜನವರಿಯಲ್ಲಿ 7,000 ಹಾಕಿದ್ದಾಯಿತು. 2026ರ ಫೆಬ್ರುವರಿಯಲ್ಲಿ ತಪ್ಪು ಗೊತ್ತಾದಾಗ ಖಾತೆಯಲ್ಲಿ 24,150 ಡಾಲರ್ ಇದೆ. ಏಳು ಸಾವಿರವೂ ಹೆಚ್ಚುವರಿಯೇ.

ಹೆಚ್ಚುವರಿ ಹಣದ ಗಳಿಕೆ ಎಷ್ಟು?

ಮೊದಲ ಎರಡು ದಾರಿಗಳಿಗೂ ಈ ಲೆಕ್ಕ ಬೇಕು. ಏಳು ಸಾವಿರ ಒಂದೇ ಹೋದರೆ ಸಾಲದು, ಅದು ದುಡಿದದ್ದೂ ಅದರ ಜೊತೆ ಹೋಗಬೇಕು. ಯಾವ ಷೇರು ಕೊಂಡಿರಿ ಎಂಬುದು ಇಲ್ಲಿ ಮುಖ್ಯವಲ್ಲ, ಖಾತೆ ಒಟ್ಟಾರೆ ಎಷ್ಟು ಬೆಳೆಯಿತು ಎಂಬುದು ಮುಖ್ಯ. ಆರಂಭದ 14,000ಕ್ಕೆ ಹಾಕಿದ 7,000 ಸೇರಿಸಿ 21,000. ಈಗ 24,150. ಬೆಳೆದದ್ದು 3,150, ಅಂದರೆ ನೂರಕ್ಕೆ ಹದಿನೈದು. ಏಳು ಸಾವಿರದ ಹದಿನೈದು ಪಾಲು 1,050. ಹೊರಡಬೇಕಾದದ್ದು ಒಟ್ಟು 8,050 ಡಾಲರ್.

ಸಾಮಾನ್ಯವಾಗಿ ಖಾತೆ ಇಟ್ಟಿರುವ ಸಂಸ್ಥೆಯೇ ಈ ಲೆಕ್ಕ ಮಾಡಿಕೊಡುತ್ತದೆ. ಆದರೂ ಕಾಗದದ ಮೇಲೆ ಒಮ್ಮೆ ನೀವೇ ಮಾಡಿ. ನನ್ನ ಎರಡನೆಯ ಸಲ ಫೋನಿನಲ್ಲಿ ಸಿಕ್ಕವರು ಏಳು ಸಾವಿರವನ್ನಷ್ಟೇ ಮಾಮೂಲಿ ಹಿಂತೆಗೆತವೆಂದು ದಾಖಲಿಸಲು ಹೊರಟಿದ್ದರು. ಬೇಕಾದ ಅರ್ಜಿಯ ಹೆಸರನ್ನು ನಾನೇ ಹೇಳಬೇಕಾಯಿತು: ಹೆಚ್ಚುವರಿ ಹಣದ ವಾಪಸಾತಿ, ಇಲ್ಲವೇ ರೀಕ್ಯಾರೆಕ್ಟರೈಸೇಷನ್ (ಟ್ರೆಡಿಷನಲ್‌ಗೆ ತಿರುಗಿಸುವುದು). ಮಾಮೂಲಿ ಹಿಂತೆಗೆತದ ಅರ್ಜಿ ತುಂಬಿದರೆ ಹಣ ಕೈಗೆ ಬರುತ್ತದೆ, ತಿದ್ದುಪಡಿ ಆಗುವುದಿಲ್ಲ.

ಒಂದನೆಯ ದಾರಿ: ಟ್ರೆಡಿಷನಲ್‌ಗೆ ತಿರುಗಿಸುವುದು

ರೀಕ್ಯಾರೆಕ್ಟರೈಸೇಷನ್ ಎಂಬ ಉದ್ದದ ಹೆಸರು ಇದಕ್ಕೇ. 8,050 ಡಾಲರ್ ರಾಥ್ ಖಾತೆಯಿಂದ ನೇರವಾಗಿ ಟ್ರೆಡಿಷನಲ್ ಐಆರ್‌ಎ ಖಾತೆಗೆ ಹೋಗುತ್ತದೆ. ಕಾನೂನಿನ ಕಣ್ಣಿನಲ್ಲಿ ನೀವು ಮೊದಲ ದಿನದಿಂದಲೇ ಟ್ರೆಡಿಷನಲ್‌ಗೆ ಹಾಕಿದ್ದಿರಿ ಎಂದಾಗುತ್ತದೆ. ದಂಡವಿಲ್ಲ, ಆ ವರ್ಷ ಗಳಿಕೆಯ ಮೇಲೆ ತೆರಿಗೆಯೂ ಇಲ್ಲ. ಗಡುವು ರಿಟರ್ನ್ ಸಲ್ಲಿಸುವ ಕೊನೆಯ ದಿನ, ವಿಸ್ತರಣೆ ಸೇರಿ. ಏಪ್ರಿಲ್ 15ರೊಳಗೆ ರಿಟರ್ನ್ ಸಲ್ಲಿಸಿಬಿಟ್ಟಿದ್ದರೂ ಅಕ್ಟೋಬರ್ 15, 2026ರ ತನಕ ಕಾಲಾವಕಾಶ ಇರುತ್ತದೆ.

ರಿಟರ್ನ್‌ನಲ್ಲಿ ಏನು? ಈ ಆದಾಯದ ಮನೆಯಲ್ಲಿ ಕೆಲಸದ ಕಡೆ 401(ಕೆ) ಎಂಬ ನಿವೃತ್ತಿ ಯೋಜನೆ ಇದ್ದರೆ ಟ್ರೆಡಿಷನಲ್‌ಗೆ ಹಾಕಿದ್ದಕ್ಕೆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ 2025ರ ರಿಟರ್ನ್ ಜೊತೆ, ತೆರಿಗೆ ಕಟ್ಟಿದ ಅಸಲನ್ನು ದಾಖಲಿಸುವ ಫಾರ್ಮ್ 8606 ಕಡ್ಡಾಯ. ಅದರ ಮೊದಲ ಭಾಗದ ಸಾಲು 1ರಲ್ಲಿ 7,000 ಬರೆಯಬೇಕು, 8,050 ಅಲ್ಲ. ನೀವು ತೆರಿಗೆ ಕಟ್ಟಿ ಒಳಗೆ ಹಾಕಿದ ಅಸಲು ಏಳು ಸಾವಿರ ಮಾತ್ರ, ಉಳಿದ 1,050 ಇನ್ನೂ ತೆರಿಗೆ ಕಾಣದ ಗಳಿಕೆ. ಇದರ ಜೊತೆ ಒಂದು ವಿವರಣೆಯ ಚೀಟಿ ಲಗತ್ತಿಸಬೇಕು. ಅದಕ್ಕೆ ಯಾವ ನಮೂನೆಯೂ ಇಲ್ಲ. ನಾನು ಬರೆದದ್ದು ಮೂರೇ ವಾಕ್ಯ. ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಹೀಗಿತ್ತು: 2025ರ ವರ್ಷಕ್ಕಾಗಿ ರಾಥ್ ಐಆರ್‌ಎಗೆ 7,000 ಡಾಲರ್ ಹಾಕಿದ್ದೆ, 2026ರ ಫೆಬ್ರುವರಿಯಲ್ಲಿ ಆ ಪೂರ್ತಿ ಮೊತ್ತವನ್ನು 1,050 ಡಾಲರ್ ಗಳಿಕೆಯೊಂದಿಗೆ ಟ್ರೆಡಿಷನಲ್ ಐಆರ್‌ಎಗೆ ವರ್ಗಾಯಿಸಲಾಗಿದೆ, ವಿನಾಯಿತಿಯಿಲ್ಲದ 7,000 ಡಾಲರ್ ಅನ್ನು ಫಾರ್ಮ್ 8606ರಲ್ಲಿ ತೋರಿಸಿದ್ದೇನೆ.

ಇನ್ನು ತಲೆ ತಿನ್ನುವ ಕಾಗದ 1099-ಆರ್, ಖಾತೆಯಿಂದ ಹೊರಟ ಹಣವನ್ನು ಸಂಸ್ಥೆ ತಿಳಿಸುವ ಪತ್ರ. ಹಣ ಸರಿದದ್ದು 2026ರಲ್ಲಿ, ಆದ್ದರಿಂದ ಆ ಕಾಗದ ಬರುವುದು 2027ರ ಜನವರಿಯಲ್ಲಿ. ಅದರಲ್ಲಿ ‘ಆರ್’ ಎಂಬ ಸಂಕೇತ ಇರುತ್ತದೆ, ಹಿಂದಿನ ವರ್ಷದ ಹಣವನ್ನು ತಿರುಗಿಸಿದ್ದು ಎಂದರ್ಥ. ಅದನ್ನು 2025ರ ರಿಟರ್ನ್‌ನ ಸಾಲುಗಳಲ್ಲೂ ತೋರಿಸುವಂತಿಲ್ಲ, 2026ರದ್ದರಲ್ಲೂ ಇಲ್ಲ. ಚೀಟಿಯಲ್ಲಿ ಹೇಳಿದ್ದೇ ಸಾಕು. ಇದೇ ಕೆಲಸವನ್ನು 2025ರ ಡಿಸೆಂಬರ್‌ನಲ್ಲೇ ಮುಗಿಸಿದ್ದರೆ ಸಂಕೇತ ‘ಎನ್’ ಆಗುತ್ತಿತ್ತು, ಆಗ 2025ರ ಮುಖ್ಯ ರಿಟರ್ನ್ ಆದ ಫಾರ್ಮ್ 1040ರ ಸಾಲು 4ಎಯಲ್ಲಿ 8,050, 4ಬಿಯಲ್ಲಿ ಸೊನ್ನೆ. ಒಂದೇ ಕೆಲಸ, ಕ್ಯಾಲೆಂಡರಿನ ಹಾಳೆ ತಿರುಗಿದ್ದಕ್ಕೆ ಬೇರೆ ಬರಹ.

ಈ ದಾರಿಯ ನಿಜವಾದ ಆಕರ್ಷಣೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಟ್ರೆಡಿಷನಲ್‌ಗೆ ಹೋದ ಹಣವನ್ನು ಮತ್ತೆ ರಾಥ್‌ಗೆ ಪರಿವರ್ತಿಸಲು ಆದಾಯದ ಮಿತಿಯಿಲ್ಲ. ಹಿಂಬಾಗಿಲ ರಾಥ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಮುಂಬಾಗಿಲಲ್ಲಿ ತಡೆದವರೇ ಹಿಂಬಾಗಿಲನ್ನು ತೆರೆದಿಟ್ಟಿದ್ದಾರೆ, ಏಕೆ ಎಂದು ಕೇಳಿ ಪ್ರಯೋಜನವಿಲ್ಲ. 2026ರಲ್ಲಿ 8,050 ಪರಿವರ್ತಿಸಿದರೆ 7,000 ತೆರಿಗೆ ಕಟ್ಟಿದ ಅಸಲು, 1,050ಕ್ಕೆ ಮಾತ್ರ 2026ರ ತೆರಿಗೆ. ಅದನ್ನು 2026ರ ಫಾರ್ಮ್ 8606ರಲ್ಲಿ, ಹಿಂದಿನ ವರ್ಷದಿಂದ ಬಂದ 7,000ವನ್ನು ಸಾಲು 2ರಲ್ಲಿ ತೋರಿಸಿ, ಲೆಕ್ಕ ಹಾಕಬೇಕು. ಒಂದು ಎಚ್ಚರಿಕೆ: ಪರಿವರ್ತನೆಯನ್ನು ಮತ್ತೆ ಹಿಂದಕ್ಕೆ ತಿರುಗಿಸುವ ಸೌಲಭ್ಯವನ್ನು 2018ರಿಂದ ತೆಗೆದುಹಾಕಿದ್ದಾರೆ. ಹಾಕಿದ ಹಣವನ್ನು ತಿರುಗಿಸಬಹುದು, ಪರಿವರ್ತಿಸಿದ್ದನ್ನು ತಿರುಗಿಸುವಂತಿಲ್ಲ.

ಈಗ ಈ ದಾರಿಯಲ್ಲಿರುವ ಗುಂಡಿ. ನಿಮ್ಮ ಹೆಸರಿನಲ್ಲಿ ತೆರಿಗೆ ಕಟ್ಟದ ಬೇರೆ ಟ್ರೆಡಿಷನಲ್ ಐಆರ್‌ಎ ಹಣ ಇದೆಯೇ? ಕೆಲಸ ಬದಲಿಸಿದಾಗ ಹಳೆಯ ಕಂಪನಿಯ 401(ಕೆ) ಹಣವನ್ನು ರೋಲ್‌ಓವರ್ ಐಆರ್‌ಎಗೆ ಹಾಕಿದವರೆಲ್ಲರಿಗೂ ಇರುತ್ತದೆ. ಸ್ವಂತ ಉದ್ಯೋಗದವರಿಗೂ ಸಣ್ಣ ಕಂಪನಿಗಳಿಗೂ ಇರುವ ಸೆಪ್ ಮತ್ತು ಸಿಂಪಲ್ ಐಆರ್‌ಎಗಳೂ ಇದರಲ್ಲಿ ಸೇರುತ್ತವೆ. ಮಜ್ಜಿಗೆಗೆ ಉಪ್ಪು ಹಾಕಿ ಕದಡಿದ ಮೇಲೆ ಉಪ್ಪಿಲ್ಲದ ಒಂದು ಲೋಟ ಕೊಡಿ ಎಂದರೆ ಆಗುತ್ತದೆಯೇ? ಹಾಗೆಯೇ ಇದು. ರೋಲ್‌ಓವರ್‌ನಲ್ಲಿ 91,950 ಡಾಲರ್ ಇದ್ದರೆ, ತಿರುಗಿಸಿದ 8,050 ಸೇರಿ ಒಟ್ಟು ಒಂದು ಲಕ್ಷ. ಅದರಲ್ಲಿ ತೆರಿಗೆ ಕಟ್ಟಿದ್ದು ಏಳು ಸಾವಿರ, ನೂರಕ್ಕೆ ಏಳು. ಪರಿವರ್ತಿಸಿದ 8,050ರಲ್ಲಿ ತೆರಿಗೆಯಿಲ್ಲದೆ ಪಾರಾಗುವುದು ಸುಮಾರು 564 ಡಾಲರ್. ಉಳಿದ 7,486ಕ್ಕೆ ತೆರಿಗೆ. ಈ ಲೆಕ್ಕಕ್ಕೆ ಪರಿವರ್ತನೆ ಮಾಡಿದ ವರ್ಷದ ಡಿಸೆಂಬರ್ 31ರ ಬಾಕಿಯನ್ನು ಹಿಡಿಯುತ್ತಾರೆ, ಆದ್ದರಿಂದ ಅಷ್ಟರೊಳಗೆ ರೋಲ್‌ಓವರ್ ಹಣವನ್ನು ಈಗಿನ ಕಂಪನಿಯ 401(ಕೆ)ಗೆ ಸೇರಿಸಿಬಿಟ್ಟರೆ ಗುಂಡಿ ಮುಚ್ಚಿಹೋಗುತ್ತದೆ. ನಿಮ್ಮ ಯೋಜನೆ ಅಂಥ ಹಣವನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಸಮಾಧಾನದ ಸಂಗತಿ ಎಂದರೆ ಐಆರ್‌ಎ ಎಂಬುದು ಒಬ್ಬೊಬ್ಬರದು. ಗಂಡನ ರೋಲ್‌ಓವರ್ ಹೆಂಡತಿಯ ಲೆಕ್ಕವನ್ನು ಕೆಡಿಸುವುದಿಲ್ಲ.

ಮಾರುಕಟ್ಟೆ ಬಿದ್ದ ವರ್ಷದಲ್ಲಿ ಈ ದಾರಿಗೆ ಇನ್ನೊಂದು ಗುಣವಿದೆ, ಇದನ್ನು ಹೇಳುವವರು ಕಡಿಮೆ. 7,000 ಹಾಕಿದ್ದು 6,300ಕ್ಕೆ ಇಳಿದಿದೆ ಎನ್ನಿ. ಸರಿಯುವುದು 6,300, ಆದರೆ ಫಾರ್ಮ್ 8606ರಲ್ಲಿ ಅಸಲು ಎಂದು ದಾಖಲಾಗುವುದು 7,000. ಬೇರೆ ಐಆರ್‌ಎ ಇಲ್ಲದವರು 6,300 ಪರಿವರ್ತಿಸಿದರೆ ತೆರಿಗೆ ಸೊನ್ನೆ, ಮೇಲಾಗಿ 700 ಡಾಲರ್ ಅಸಲು ಮುಂದಿನ ವರ್ಷಗಳಿಗೆ ಉಳಿಯುತ್ತದೆ. ಹಣವನ್ನು ಹೊರತೆಗೆಯುವ ದಾರಿ ಹಿಡಿದಿದ್ದರೆ ಆ 700 ಹೋಯಿತು ಅಷ್ಟೆ, ನಷ್ಟವೆಂದು ತೋರಿಸುವಂತಿಲ್ಲ.

ಎರಡನೆಯ ದಾರಿ: ಹೊರತೆಗೆಯುವುದು

8,050 ಡಾಲರ್ ನಿಮ್ಮ ಕೈಗೆ ಬರುತ್ತದೆ. ಏಳು ಸಾವಿರಕ್ಕೆ ತೆರಿಗೆಯಿಲ್ಲ, ಅದು ತೆರಿಗೆ ಕಟ್ಟಿದ ಹಣವೇ. ಗಳಿಕೆಯ 1,050ಕ್ಕೆ ತೆರಿಗೆಯಿದೆ. ಯಾವ ವರ್ಷದ ತೆರಿಗೆ ಎಂಬುದೇ ಹೆಚ್ಚಿನವರು ತಪ್ಪುವ ಜಾಗ. ಹಣ ಕೈಗೆ ಬಂದ 2026ರದ್ದಲ್ಲ, ಹಣ ಹಾಕಿದ 2025ರದ್ದು. 2025ರ ಫಾರ್ಮ್ 1040ರಲ್ಲಿ 4ಎ ಸಾಲಿಗೆ 8,050, 4ಬಿ ಸಾಲಿಗೆ 1,050, ಜೊತೆಗೆ ಮೇಲಿನಂಥದೇ ವಿವರಣೆಯ ಚೀಟಿ. 24 ಶೇಕಡಾ ಹಂತದಲ್ಲಿರುವ ನಮ್ಮ ಉದಾಹರಣೆಯ ದಂಪತಿಗೆ ಒಕ್ಕೂಟದ ತೆರಿಗೆ 252 ಡಾಲರ್, ರಾಜ್ಯದ್ದು ಬೇರೆ.

ಇಲ್ಲೂ 1099-ಆರ್ ಬರುವುದು 2027ರ ಜನವರಿಯಲ್ಲೇ, ‘ಪಿ’ ಮತ್ತು ‘ಜೆ’ ಸಂಕೇತಗಳೊಂದಿಗೆ. ಪಿ ಎಂದರೆ ತೆರಿಗೆ ಹಿಂದಿನ ವರ್ಷದ್ದು ಎಂದು. ಅದನ್ನು ಕಾಯುತ್ತ ಕೂರಬೇಡಿ, ಸಂಸ್ಥೆ ಕೊಟ್ಟ ಲೆಕ್ಕದ ಪತ್ರದಿಂದಲೇ 2025ರ ರಿಟರ್ನ್ ಬರೆದು ಮುಗಿಸಿ. 2025ರಲ್ಲೇ ಹಾಕಿ 2025ರಲ್ಲೇ ತೆಗೆದವರಿಗೆ ‘8’ ಮತ್ತು ‘ಜೆ’ ಬರುತ್ತದೆ, ಅವರಿಗೆ ಈ ಗೊಂದಲವಿಲ್ಲ.

ಹಳೆಯ ಬರಹಗಳು ಗಳಿಕೆಯ ಮೇಲೆ ಹತ್ತು ಶೇಕಡಾ ದಂಡವನ್ನೂ ಸೇರಿಸಿ ಹೆದರಿಸುತ್ತವೆ. ಐವತ್ತೊಂಬತ್ತೂವರೆ ವಯಸ್ಸಿನೊಳಗಿನವರಿಗೆ ಅದು ಒಂದು ಕಾಲಕ್ಕೆ ನಿಜವಾಗಿತ್ತು. 2022ರ ಡಿಸೆಂಬರ್ 29ರಂದು ಸೆಕ್ಯೂರ್ 2.0 ಕಾನೂನು ಬಂದಾಗಿನಿಂದ, ಗಡುವಿನೊಳಗೆ ತೆಗೆದ ಹೆಚ್ಚುವರಿ ಹಣದ ಗಳಿಕೆಗೆ ಆ ದಂಡವಿಲ್ಲ. ಹೀಗಾಗಿ ಹೊರತೆಗೆಯುವ ದಾರಿ ಮೊದಲಿಗಿಂತ ಅಗ್ಗವಾಗಿದೆ. ದೊಡ್ಡ ರೋಲ್‌ಓವರ್ ಐಆರ್‌ಎ ಇದ್ದು ಅದನ್ನು 401(ಕೆ)ಗೆ ಸಾಗಿಸಲಾಗದವರು ಇದನ್ನೇ ಹಿಡಿಯುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಕೊಡುವುದು ಗಳಿಕೆಯ ಮೇಲಿನ ತೆರಿಗೆ, ಕಳೆದುಕೊಳ್ಳುವುದು ಒಂದು ವರ್ಷದ ರಾಥ್ ಜಾಗ. ಕಾಗದವೂ ಒಂದೇ ರಿಟರ್ನ್‌ಗೆ ಮುಗಿಯುತ್ತದೆ, ಮುಂದಿನ ಮೂವತ್ತು ವರ್ಷ 8606 ಕಾಪಾಡಿಕೊಂಡು ಕೂರುವ ಕೆಲಸವಿಲ್ಲ.

ಆದಾಯ ಮಿತಿ ದಾಟಿದ್ದಲ್ಲದೆ ಬೇರೆ ಕಾರಣಕ್ಕೆ ಹೆಚ್ಚಾದವರಿಗೆ ಇದೊಂದೇ ನೇರ ದಾರಿ. ಐಆರ್‌ಎಗೆ ಹಾಕಲು ಆ ವರ್ಷ ದುಡಿಮೆಯ ಆದಾಯ ಇರಲೇಬೇಕು, ಅಥವಾ ಜಂಟಿ ರಿಟರ್ನ್‌ನಲ್ಲಿ ಸಂಗಾತಿಗೆ ಇರಬೇಕು. ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟು ಬೆಂಗಳೂರಿಗೆ ವಾಪಸಾದವರು ಅಭ್ಯಾಸ ಬಲದಿಂದ ಜನವರಿಯಲ್ಲಿ ಹೊಸ ವರ್ಷದ ಹೆಸರಿನಲ್ಲಿ ಏಳು ಸಾವಿರ ಹಾಕಿಬಿಟ್ಟರೆ, ಆ ವರ್ಷ ಅಮೆರಿಕದ ಲೆಕ್ಕಕ್ಕೆ ಸಲ್ಲುವ ದುಡಿಮೆಯ ಆದಾಯ ಅವರಿಗಿಲ್ಲ. ರಾಥ್‌ಗೆ ಹೇಗೋ ಟ್ರೆಡಿಷನಲ್‌ಗೂ ಹಾಗೆಯೇ ಅನರ್ಹ. ತಿರುಗಿಸಿ ಏನೂ ಪ್ರಯೋಜನವಿಲ್ಲ, ತೆಗೆಯಬೇಕು. ಅಮೆರಿಕದ ಪೌರತ್ವ ಇಟ್ಟುಕೊಂಡು ಬೆಂಗಳೂರಿನಲ್ಲಿ ಸಂಬಳ ಪಡೆಯುವವರೂ, ವಿದೇಶಿ ದುಡಿಮೆಯ ವಿನಾಯಿತಿ ಪಡೆದು ಆ ಸಂಬಳವನ್ನೆಲ್ಲ ಲೆಕ್ಕದಿಂದ ಹೊರಗಿಟ್ಟರೆ, ಇದೇ ಸಾಲಿಗೆ ಬರುತ್ತಾರೆ.

ಮೂರನೆಯ ದಾರಿ: ಬಿಟ್ಟು ದಂಡ ಕಟ್ಟುವುದು

ಕೇಳಲು ಮೂರ್ಖತನ ಅನ್ನಿಸುತ್ತದೆ, ಯಾವಾಗಲೂ ಅಲ್ಲ. ಹೆಚ್ಚುವರಿ ಹಣ ಖಾತೆಯಲ್ಲೇ ಉಳಿದರೆ ಪ್ರತಿ ವರ್ಷ ಅದರ ಆರು ಶೇಕಡಾ ದಂಡ, ಏಳು ಸಾವಿರಕ್ಕೆ 420 ಡಾಲರ್. ಸರಿಪಡಿಸುವ ತನಕ ವರ್ಷ ವರ್ಷವೂ. ಅದನ್ನು ಫಾರ್ಮ್ 5329ರ ನಾಲ್ಕನೆಯ ಭಾಗದಲ್ಲಿ ತೋರಿಸುತ್ತಾರೆ. ಗಡುವಿನೊಳಗೆ ಮೊದಲ ಅಥವಾ ಎರಡನೆಯ ದಾರಿ ಹಿಡಿದವರಿಗೆ ಈ ಫಾರ್ಮ್ ಬೇಕಾಗುವುದಿಲ್ಲ.

ಮುಂದಿನ ವರ್ಷ ಆದಾಯ ಖಂಡಿತ ಇಳಿಯುತ್ತದೆ ಎಂದು ಗೊತ್ತಿರುವವರಿಗೆ ಇದು ಹೊಂದಬಹುದು. ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟು ಓದಲು ಹೊರಟಿದ್ದಾರೆ, ಅಥವಾ ಮಗುವಿಗಾಗಿ ಮನೆಯಲ್ಲಿರುತ್ತಾರೆ ಎನ್ನಿ. 2026ರ ಮಿತಿ 7,500 ಡಾಲರ್, ಜಂಟಿ ಆದಾಯದ ಪಟ್ಟಿ 2,42,000ದಿಂದ 2,52,000. ಆ ವರ್ಷ ಅರ್ಹರಾದರೆ, ಹೊಸದಾಗಿ 500 ಮಾತ್ರ ಹಾಕಿ, ಹಳೆಯ ಏಳು ಸಾವಿರವನ್ನು ಆ ಜಾಗದಲ್ಲಿ ಹೀರಿಕೊಳ್ಳಬಹುದು. 2026ರ ಫಾರ್ಮ್ 5329ರಲ್ಲಿ ಅದನ್ನು ತೋರಿಸಿದರೆ ಎರಡನೆಯ ದಂಡವಿಲ್ಲ. ಒಟ್ಟು ಖರ್ಚು 420.

ಅಕ್ಟೋಬರ್ 15 ದಾಟಿದ ಮೇಲೆ ಎಚ್ಚರವಾದವರಿಗೆ ಬೇರೆ ಆಯ್ಕೆಯೂ ಇಲ್ಲ. ಅವರು 2025ಕ್ಕೆ 420 ಕಟ್ಟಿ, 2026ರ ಡಿಸೆಂಬರ್ 31ರೊಳಗೆ ಏಳು ಸಾವಿರ ತೆಗೆದುಬಿಟ್ಟರೆ ಒಂದೇ ದಂಡಕ್ಕೆ ಮುಗಿಯುತ್ತದೆ. ವಿಚಿತ್ರವೆಂದರೆ ಆಗ ಗಳಿಕೆಯನ್ನು ತೆಗೆಯಬೇಕಾಗಿಲ್ಲ. ಏಳು ಸಾವಿರ ಮಾತ್ರ ಹೊರಗೆ, ಅದು ದುಡಿದದ್ದು ರಾಥ್ ಒಳಗೇ ಉಳಿಯುತ್ತದೆ. ಯಾವುದೋ ಚಿಪ್ ಕಂಪನಿಯ ಷೇರು ಕೊಂಡು ಏಳು ಸಾವಿರ ಹದಿನಾಲ್ಕಾದವರಿಗೆ ಎರಡನೆಯ ದಾರಿಯಲ್ಲಿ ಗಳಿಕೆಯ ತೆರಿಗೆಯೇ 1,680 ಡಾಲರ್, ತಡವಾಗಿ ತೆಗೆದರೆ ದಂಡ 420. ಸೋಮಾರಿಗೆ ಸಿಕ್ಕ ಬಹುಮಾನ. ಲೆಕ್ಕ ಸರಿಯಿದೆ, ಆದರೂ ಇದನ್ನು ಮೊದಲೇ ಯೋಜಿಸಿ ಮಾಡುವವರನ್ನು ಕಂಡರೆ ನನಗೆ ಸರಿಬರುವುದಿಲ್ಲ. ದಂಡವೆಂದು ಹೆಸರಿಟ್ಟದ್ದನ್ನು ಶುಲ್ಕದಂತೆ ಕಟ್ಟಿ ಓಡಾಡಿದರೆ ಎಂದಾದರೂ ವಿವರಿಸಬೇಕಾಗುತ್ತದೆ. ಹೀಗೆ ತೆಗೆದದ್ದನ್ನು 2026ರ ರಿಟರ್ನ್‌ನಲ್ಲಿ ಫಾರ್ಮ್ 8606ರ ಮೂರನೆಯ ಭಾಗದಲ್ಲಿಯೂ 5329ರಲ್ಲಿಯೂ ತೋರಿಸಬೇಕು.

ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ರಾಥ್‌ಗೆ ಹಾಕಿದ ಹಣವನ್ನು ಫಾರ್ಮ್ 1040ರಲ್ಲಿ ಬರೆಯುವುದಿಲ್ಲ ನಿಜ. ಆದರೆ ಸಂಸ್ಥೆ ಮೇ ತಿಂಗಳ ಕೊನೆಯೊಳಗೆ ಫಾರ್ಮ್ 5498ರಲ್ಲಿ ಅದನ್ನು ಸರ್ಕಾರಕ್ಕೆ ತಿಳಿಸುತ್ತದೆ, ನಿಮ್ಮ ಆದಾಯ ಅವರ ಬಳಿ ಮೊದಲೇ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರಾಯಿತು. ತಿರುಗಿಸಿದ ಮೇಲೂ ರಾಥ್ ಖಾತೆಯ 5498ರಲ್ಲಿ ಏಳು ಸಾವಿರ ಕಾಣುತ್ತಲೇ ಇರುತ್ತದೆ, ಗಾಬರಿ ಬೇಡ. ಟ್ರೆಡಿಷನಲ್ ಖಾತೆಯ 5498ರ ನಾಲ್ಕನೆಯ ಚೌಕದಲ್ಲಿ 8,050 ಬಂದು ಅದಕ್ಕೆ ಜೋಡಿಯಾಗುತ್ತದೆ.

ರಿಟರ್ನ್ ಆಗಲೇ ಹೋಗಿದ್ದರೆ

ಏಪ್ರಿಲ್‌ನಲ್ಲಿ ಸಲ್ಲಿಸಿ, ಜುಲೈನಲ್ಲಿ ಎಚ್ಚೆತ್ತವರು ಅಕ್ಟೋಬರ್ 15ರೊಳಗೆ ಹಣ ಸಾಗಿಸಿ ಫಾರ್ಮ್ 1040-ಎಕ್ಸ್ ಮೂಲಕ ತಿದ್ದುಪಡಿ ರಿಟರ್ನ್ ಕೊಡಬೇಕು. ಸೆಕ್ಷನ್ 301.9100-2ರ ಅನುಸಾರ ಸಲ್ಲಿಸಲಾಗಿದೆ ಎಂಬ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಅದರ ಮೇಲ್ಭಾಗದಲ್ಲಿ ಬರೆಯುವುದನ್ನು ಮರೆಯಬಾರದು. ಮೊದಲ ರಿಟರ್ನ್ ಸಕಾಲದಲ್ಲಿ ಹೋಗಿರಬೇಕು ಎಂಬುದೇ ಷರತ್ತು.

ನನ್ನ ಮೊದಲ ಸಲದ ಕಥೆ ಇಲ್ಲಿಗೆ ಸೇರಿದ್ದು. ಹಣ ತಿರುಗಿಸಿದ್ದೆ, 8606 ಕೊಟ್ಟಿರಲಿಲ್ಲ. ಮೂರು ವರ್ಷದ ಮೇಲೆ ಆ ಹಣವನ್ನು ರಾಥ್‌ಗೆ ಪರಿವರ್ತಿಸಿದಾಗ ಸಾಫ್ಟ್‌ವೇರ್ ಪೂರ್ತಿ ಮೊತ್ತಕ್ಕೂ ತೆರಿಗೆ ಹಾಕಿತು. ಅಸಲು ತೆರಿಗೆ ಕಟ್ಟಿದ್ದು ಎನ್ನಲು ಎಲ್ಲಿಯೂ ದಾಖಲೆಯಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಾಗದಗಳನ್ನು ಹರಡಿಕೊಂಡು ಕೂತಿದ್ದೆ. ಹೆಂಡತಿ ಒಂದು ಹಾಳೆ ಎತ್ತಿ, “ರೀ, ಇದು ಹಾಕಿದ ವರ್ಷವೋ, ಸಾಗಿಸಿದ ವರ್ಷವೋ?” ಎಂದು ಕೇಳಿದಳು. ಇಡೀ ಸಮಸ್ಯೆ ಅಷ್ಟೇ ಆಗಿತ್ತು. ಹಾಕಿದ ವರ್ಷದ ಫಾರ್ಮ್ 8606 ಅನ್ನು ತಡವಾಗಿ ತುಂಬಿ ಕಳಿಸಿದೆ. ಅದನ್ನು ಕೊಡದಿದ್ದಕ್ಕೆ ನಿಗದಿತ ದಂಡ 50 ಡಾಲರ್, ಕೊಡದೇ ಹೋದರೆ ಏಳು ಸಾವಿರಕ್ಕೆ ಎರಡನೆಯ ತೆರಿಗೆ. ಐವತ್ತಕ್ಕೆ ಹೆದರಿ ಕೈಕಟ್ಟಿ ಕೂರುವವರೂ ಇದ್ದಾರೆ, ಹಾಗೆ ಮಾಡಬೇಡಿ.

ಟ್ರೆಡಿಷನಲ್‌ಗೆ ಹಾಕಿ ಶೆಡ್ಯೂಲ್ 1ರ ಸಾಲು 20ರಲ್ಲಿ ವಿನಾಯಿತಿ ಪಡೆದು, ಆಮೇಲೆ ಕಂಪನಿ ಕೊಡುವ ಸಂಬಳದ ಪತ್ರವಾದ ಡಬ್ಲ್ಯೂ-2ರ ಹದಿಮೂರನೆಯ ಚೌಕದಲ್ಲಿ ನಿವೃತ್ತಿ ಯೋಜನೆಯ ಗುರುತು ಕಂಡವರದ್ದೂ ಇದೇ ಜಾತಿಯ ತೊಂದರೆ. ಕಂಪನಿಯ ಯೋಜನೆಗೆ ಸೇರಿದವರಿಗೆ ವಿನಾಯಿತಿ ಜಂಟಿಯಲ್ಲಿ 1,26,000ದಿಂದ 1,46,000ದೊಳಗೆ, ಒಂಟಿಯವರಿಗೆ 79,000ದಿಂದ 89,000ದೊಳಗೆ ಕರಗಿಹೋಗುತ್ತದೆ. ಹಣವನ್ನು ಕದಲಿಸಬೇಕಾಗಿಲ್ಲ. 1040-ಎಕ್ಸ್‌ನಲ್ಲಿ ವಿನಾಯಿತಿ ತೆಗೆದು, 8606ರಲ್ಲಿ ಅದೇ ಮೊತ್ತವನ್ನು ಅಸಲೆಂದು ದಾಖಲಿಸಿದರೆ ಸಾಕು.

401(ಕೆ) ಹೆಚ್ಚಾದರೆ ಲೆಕ್ಕವೇ ಬೇರೆ

ವರ್ಷದ ಮಧ್ಯೆ ಕಂಪನಿ ಬದಲಿಸಿದವರು ಎರಡೂ ಕಡೆ ಕಡಿತ ಮಾಡಿಸಿ 2025ರ 23,500 ಡಾಲರ್ ಮಿತಿಯನ್ನು ದಾಟುವುದುಂಟು. ಒಂದು ಕಂಪನಿಗೆ ಇನ್ನೊಂದರ ಲೆಕ್ಕ ಗೊತ್ತಿರುವುದಿಲ್ಲ, ನೀವೇ ಹೇಳಬೇಕು. ಇಲ್ಲಿ ತಿರುಗಿಸುವ ದಾರಿಯಿಲ್ಲ, ಆರು ಶೇಕಡಾ ದಂಡವೂ ಇಲ್ಲ. ಹೆಚ್ಚಾದದ್ದನ್ನು ಹೊರತೆಗೆಯಲು ಗಡುವು ಏಪ್ರಿಲ್ 15, ವಿಸ್ತರಣೆ ಪಡೆದರೂ ಅದು ಮುಂದೆ ಹೋಗುವುದಿಲ್ಲ. ದಾಟಿದರೆ ಆ ಹೆಚ್ಚುವರಿಗೆ ಹಾಕಿದ ವರ್ಷ ಒಮ್ಮೆ, ಮುಂದೆ ತೆಗೆದಾಗ ಇನ್ನೊಮ್ಮೆ ತೆರಿಗೆ.

ಐಆರ್‌ಎಗೂ ಇದಕ್ಕೂ ಒಂದು ಉಲ್ಟಾ ಇದೆ, ಇದನ್ನು ಗೆಳೆಯರಿಗೆ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಐಆರ್‌ಎಯಲ್ಲಿ ಗಳಿಕೆಯ ತೆರಿಗೆ ಹಣ ಹಾಕಿದ ವರ್ಷಕ್ಕೆ. 401(ಕೆ)ಯಲ್ಲಿ ಹೆಚ್ಚುವರಿ ಕಡಿತ 2025ರ ಫಾರ್ಮ್ 1040ರ ಸಾಲು 1ಎಚ್‌ಗೆ, ಅದರ ಗಳಿಕೆ ಮಾತ್ರ ಕೈಗೆ ಬಂದ 2026ರ ಆದಾಯಕ್ಕೆ. ಎರಡೂ ಖಾತೆಗಳಲ್ಲಿ ಒಂದೇ ವರ್ಷ ಹೆಚ್ಚು ಹಾಕಿದ ಒಬ್ಬ ಗೆಳೆಯನಿಗೆ ಕೊನೆಗೆ ಎರಡು ಲಕೋಟೆ ಮಾಡಿಕೊಟ್ಟೆ. ಒಂದರ ಮೇಲೆ ಹಣ ಹಾಕಿದ ವರ್ಷ, ಇನ್ನೊಂದರ ಮೇಲೆ ಅದರ ಮುಂದಿನ ವರ್ಷ ಬರೆದು, ಬಂದ ಪ್ರತಿ ಕಾಗದ ಯಾವುದಕ್ಕೆ ಹೋಗಬೇಕು ಎಂದು ತೋರಿಸಿದೆ. ಮುಂದಿನ ಜನವರಿಯಲ್ಲಿ ಬಂದ 1099-ಆರ್ ಹಿಡಿದುಕೊಂಡು ಅವನು ಮತ್ತೆ ಫೋನ್ ಮಾಡಿದ. ಸಂಕೇತ ಓದು ಎಂದೆ. ‘ಆರ್’ ಎಂದ. ಹಳೆಯ ಲಕೋಟೆಯ ಚೀಟಿಯ ಹಿಂದೆ ಪಿನ್ ಮಾಡಿ ಇಡು, ಈ ವರ್ಷದ ರಿಟರ್ನ್‌ನಲ್ಲಿ ಏನೂ ಬರೆಯಬೇಡ ಎಂದೆ.